ಕುದುರೆ ಸತ್ತರೆ ಯಾರ ಲುಕ್ಸಾನು?

ಹೋದ ಮಳೆಗಾಲದಲ್ಲಿ ನನ್ನ ತಮ್ಮನ ಹಸು ಸತ್ತುಹೋಯಿತು. ಎಚ್ಚೆಫ್ ಹಸು, 3ನೇ ಸೂಲು, ಎರಡು ಹೊತ್ತಿಗೂ ಸೇರಿ 16 ಲೀಟರ್ ಕರೆಯುತ್ತಿತ್ತು. ರಾತ್ರಿ ಮೇವು ಬಿಟ್ಟಿತು, ಬೆಳಗಿನ ಜಾವಕ್ಕೆ ಕಾಲು ಚಾಚಿತ್ತು. ಗೆಜ್ಜಲಗೆರೆ ಅಂದರೆ ಹೈವೇಯಲ್ಲಿ ಓಡಾಡುವ ನಿಮಗೆಲ್ಲ ಮನ್‌ಮುಲ್ ಡೇರಿಯ ಊರು. ಇಲ್ಲಿ ಹಸು ಹೋಯಿತು ಅಂದರೆ ಮನೆಯ ಒಂದು ಸಂಬಳ ಹೋದ ಹಾಗೆ. ಆದರೂ ತಮ್ಮ ಅಷ್ಟೊಂದು ಕುಗ್ಗಿರಲಿಲ್ಲ. ಯಾಕೆಂದರೆ ಇನ್ಶೂರೆನ್ಸ್ ಮಾಡಿಸಿದ್ದ.

ಡಾಕ್ಟರು ಬಂದರು. ಪೋಸ್ಟ್ ಮಾರ್ಟಂ ಆಯಿತು. ಆಮೇಲೆ ಕೇಳಿದ ಮೊದಲನೇ ಮಾತೇ, ‘ಓಲೆ ಎಲ್ಲಿ?’

ಕಿವಿ ಓಲೆ ಅಂದರೆ ಆ ಹಳದಿ ಪ್ಲಾಸ್ಟಿಕ್ ಬಿಲ್ಲೆ, ಮೇಲೆ 12 ಅಂಕಿಯ ನಂಬರು. ಎರಡು ತಿಂಗಳ ಹಿಂದೆ ಹಸು ಹುಣಸೆ ಮರಕ್ಕೆ ಕಿವಿ ತಿಕ್ಕಿಕೊಂಡು ಅದನ್ನು ಕಿತ್ತುಹಾಕಿತ್ತು. ‘ನಾಳೆ ಹೇಳಿ ಹೊಸದು ಹಾಕಿಸಾಣ’ ಅಂದುಕೊಂಡು ತಮ್ಮ ಸುಮ್ಮನಾಗಿದ್ದ. ಆ ನಾಳೆ ಬರಲೇ ಇಲ್ಲ. ಕ್ಲೇಮು ವಾಪಸ್ ಬಂತು. ಕಂಪನಿಯ ಹೆಸರು ಬೇಡ, ಅವರ ನಿಯಮ ಪುಸ್ತಕದಲ್ಲೇ ಇದೆ. ಓಲೆ ಇಲ್ಲದ ಹಸು ಅವರ ಲೆಕ್ಕದಲ್ಲಿ ಸತ್ತಿಲ್ಲ. ಹಾಗೆ ನೋಡಿದರೆ ಬದುಕೂ ಇರಲಿಲ್ಲ.

ಆವತ್ತು ಸಾಯಂಕಾಲ ಜಗಲಿ ಮೇಲೆ ಕೂತು ಎಲ್ಲರೂ ಕಂಪನಿಯವರನ್ನು ಬೈಯುತ್ತಿದ್ದಾಗ ನಮ್ಮ ಮಿಲ್ಟ್ರಿ ಚಿಕ್ಕಪ್ಪ ಒಬ್ಬರೇ ನಗುತ್ತಾ ಕೂತಿದ್ದರು. 17 ವರ್ಷ ಸರ್ವಿಸ್ ಮಾಡಿ ಊರಿಗೆ ಬಂದವರು. ತಮ್ಮ ರೇಗಿದ. ‘ಏನ್ ಚಿಕ್ಕಪ್ಪ, ನಗಾಡ್ತೀಯಲ್ಲ?’

‘ಬೈ ನೆಗ್ಲೆಕ್ಟ್ ಅಂತ ಬರ್ದವ್ರೆ ಕಣ್ಲಾ ನಿಂಗೆ. ಆ ಎರಡು ಮಾತು ಬರುದ್ರೆ ಮುಗೀತು. ದೇವ್ರು ಬಂದ್ರೂ ದುಡ್ಡು ಕೊಡಕ್ಕಿಲ್ಲ.’

ಆಮೇಲೆ ಅವರು ಹೇಳಿದ ಕತೆ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ರಜೆ ಮುಗಿಸಿಕೊಂಡು ಯೂನಿಟ್ಟಿಗೆ ವಾಪಸ್ ಹೋಗುವಾಗ ರೈಲಿನಲ್ಲಿ ನಿದ್ದೆ ಹತ್ತಿ, ಯಾವುದೋ ಜಂಕ್ಷನ್‌ನಲ್ಲಿ ಎದ್ದು ನೋಡಿದರೆ ಸೀಟಿನ ಕೆಳಗಿದ್ದ ಕಿಟ್‌ಬ್ಯಾಗು ಮಾಯ. ಅದರಲ್ಲಿ ಬೂಟು, ಜರ್ಸಿ, ಕಂಬಳಿ, ಮೆಸ್ ಟಿನ್ನು, ನೀರಿನ ಬಾಟ್ಲು, ಎಲ್ಲ ಸರ್ಕಾರದ್ದು. ಹೋಗಿ ವರದಿ ಮಾಡಿಕೊಂಡರು. ‘ಎಚ್ಚರ ಇದ್ರಾ, ಮಲಗಿದ್ರಾ?’ ಅಂತ ಕೇಳಿದರು. ‘ಮಲಗಿದ್ದೆ ಸಾಬ್’ ಅಂದರು ಇವರು. ಅಷ್ಟೇ. ಸಂಬಳದಲ್ಲಿ ಕಂತು ಕಂತಾಗಿ ಹಿಡಿದುಕೊಂಡರು.

ಒಳಗೆ ಕಾಳು ಹಸನು ಮಾಡುತ್ತಿದ್ದ ಚಿಕ್ಕಮ್ಮ ಮೊರ ಕೆಳಗಿಟ್ಟು ಬಾಗಿಲಿಗೆ ಬಂದರು. ‘ಆ ವರ್ಷವಾ ಮನಿಯಾರ್ಡ್ರು ಕಮ್ಮಿ ಬಂದಿದ್ದು? ಮೂರು ತಿಂಗಳು? ಕುಡಿಯಕ್ಕೆ ಕಲ್ತವ್ರೆ ಅಂತ ನಮ್ಮವ್ವನ ಮುಂದೆ ಅತ್ತಿದ್ದೆ ಕಣಾ ನಾನು.’

ಚಿಕ್ಕಪ್ಪ ನಗು ನಿಲ್ಲಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿರಲಿಲ್ಲ. ‘ಕಳ್ಕೊಂಡೆ ಅಂತ ಹೇಳಕ್ಕೆ ನಾಚ್ಕೆ ಆಯ್ತದೆ’ ಅಂದರು. ಕುಡಿದೆ ಅನ್ನಿಸಿಕೊಂಡರೂ ಪರವಾಗಿಲ್ಲ, ಸರ್ಕಾರದ ಸಾಮಾನು ಕಳೆದುಕೊಂಡೆ ಅನ್ನಿಸಿಕೊಳ್ಳಬಾರದು!

ಈ ಅಂಕಣಕ್ಕೆ ಈ ವಾರ ಬೇರೆ ಏನೋ ಬರೆಯಬೇಕೆಂದಿದ್ದೆ. ಆದರೆ ತಮ್ಮ ಎತ್ತಿದ ಒಂದು ಪ್ರಶ್ನೆ ತಲೆಯಿಂದ ಹೋಗಲಿಲ್ಲ. ‘ಹಸೀಗೇ ಇನ್ಶೂರೆನ್ಸ್ ಅದೆ, ಮಿಲ್ಟ್ರಿ ಸಾಮಾನಿಗೆ ಇಲ್ವಾ?’

ಇದೆ, ಕೆಲವು ಕಡೆ. ಬ್ರಿಟನ್ನಿನ ಸೈನಿಕರಿಗೆ ‘ಕಿಟ್ ಇನ್ಶೂರೆನ್ಸ್’ ಅನ್ನುವ ಪಾಲಿಸಿಯೇ ಮಾರಾಟಕ್ಕಿದೆ. ಸರ್ಕಾರ ಕೊಟ್ಟ ಸಾಮಾನು ಕಳೆದುಹೋಗಿ ತಾನು ಕಟ್ಟಿಕೊಡಬೇಕಾಗಿ ಬಂದರೆ ಆ ಹೊಣೆಗೂ ಅದರಲ್ಲಿ ರಕ್ಷೆ. ಅಮೆರಿಕದಲ್ಲಿ 1922ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆಂಟೋನಿಯೋದಲ್ಲಿ 25 ಜನ ಸೇನಾಧಿಕಾರಿಗಳು ಸೇರಿ ಒಬ್ಬರ ಕಾರಿಗೆ ಇನ್ನೊಬ್ಬರು ವಿಮೆ ಎಂಬ ಒಪ್ಪಂದ ಮಾಡಿಕೊಂಡರು. ಅದೇ ಬೆಳೆದು ಇವತ್ತಿನ ಯುಎಸ್‌ಎಎ ಎಂಬ ದೊಡ್ಡ ಸಂಸ್ಥೆಯಾಗಿದೆ. ನಮ್ಮಲ್ಲಿ 1976ರ ಜನವರಿ 1ರಿಂದ ಸೈನ್ಯದ ಗ್ರೂಪ್ ಇನ್ಶೂರೆನ್ಸ್ ಫಂಡ್ ಇದೆ. ಸೈನಿಕರೇ ತಿಂಗಳು ತಿಂಗಳು ಕಟ್ಟುವ ದುಡ್ಡು, ಆದರೆ ಅದು ಜೀವಕ್ಕೆ, ಅಂಗ ಊನವಾದರೆ. ಬೂಟು ಕಂಬಳಿಗಲ್ಲ.

ಸರ್ಕಾರವಾದರೂ ತನ್ನ ಸಾಮಾನಿಗೆ ವಿಮೆ ಮಾಡಿಸುತ್ತದೆಯೇ ಅಂದರೆ ಸಾಮಾನ್ಯವಾಗಿ ಇಲ್ಲ. ಕೇಂದ್ರ ಸರ್ಕಾರದ ಹಣಕಾಸಿನ ನಿಯಮಗಳ ಹಳೆಯ ತತ್ವವೇ ಅದು. ಸರ್ಕಾರ ಎಷ್ಟು ದೊಡ್ಡದೆಂದರೆ ತನಗೆ ತಾನೇ ವಿಮೆ. ರಸ್ತೆಯಲ್ಲಿ ನಮ್ಮ ನಿಮ್ಮ ಸ್ಕೂಟರಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಸೈನ್ಯದ ಟ್ರಕ್ಕಿಗೆ ಆ ಕಡ್ಡಾಯವಿಲ್ಲ, ಮೋಟಾರು ವಾಹನ ಕಾಯ್ದೆಯೇ ಸರ್ಕಾರಿ ಕೆಲಸದ ಗಾಡಿಗಳಿಗೆ ಬಿಡುವು ಕೊಟ್ಟಿದೆ. ಇನ್ನು ಸಾಮಾನು ಕಳೆದುಕೊಂಡ ಸೈನಿಕನಿಗೆ 1950ರ ಸೇನಾ ಕಾಯ್ದೆಯ 54ನೇ ಕಲಮು ಇದೆ. ಆಯುಧ, ಮದ್ದುಗುಂಡು, ಬಟ್ಟೆಬರೆ, ತನಗೆ ಕೊಟ್ಟ ಯಾವುದೇ ಸರ್ಕಾರಿ ವಸ್ತುವನ್ನು ಬೇಕೆಂದು ಸಾಗಹಾಕಿದರೆ 10 ವರ್ಷದವರೆಗೆ ಶಿಕ್ಷೆ. ನಿರ್ಲಕ್ಷ್ಯದಿಂದ ಕಳೆದರೆ 5 ವರ್ಷದವರೆಗೆ. ಚಿಕ್ಕಪ್ಪ ಹೇಳಿದ ‘ಬೈ ನೆಗ್ಲೆಕ್ಟ್’ ಆ ಕಲಮಿನಲ್ಲೇ ಇರುವ ಮಾತು. ಅವರದು ಸಂಬಳದ ಕಡಿತದಲ್ಲಿ ಮುಗಿದದ್ದು ಪುಣ್ಯ.

ಇಷ್ಟು ಈಗಿನ ಮಾತು. ನನಗೆ ಕುತೂಹಲ ಇದ್ದದ್ದು ಹಿಂದಿನದರ ಬಗ್ಗೆ. ಹಿಂದೆ ಈ ಲುಕ್ಸಾನು ಯಾರ ತಲೆಗೆ ಬರುತ್ತಿತ್ತು?

ಮೈಸೂರಿನ ಹಳೇ ಸೈನ್ಯದ ವಿಷಯ ಓದಿದವರಿಗೆ ‘ಸಿಲ್ಲೇದಾರ’ ಅನ್ನುವ ಪದ ಗೊತ್ತಿರುತ್ತದೆ. ‘ಸಿಲಾಹ್’ ಅಂದರೆ ಆಯುಧ, ಸಿಲಾಹ್‌ದಾರ ಅಂದರೆ ಆಯುಧ ಹೊತ್ತವನು. ನಮ್ಮ ಬಾಯಲ್ಲಿ ಸಿಲ್ಲೇದಾರ ಆಯಿತು. ಕುದುರೆ ಅವನದು, ಜೀನು ಲಗಾಮು ಅವನದು, ಕತ್ತಿ ಈಟಿ ಅವನದು, ಮೇವಿನ ಖರ್ಚೂ ಅವನದೇ. ಇಷ್ಟೆಲ್ಲ ಹೊತ್ತು ತರುವುದಕ್ಕೆ ದೊರೆ ಸ್ವಲ್ಪ ಹೆಚ್ಚು ಸಂಬಳ ಕೊಡುತ್ತಿದ್ದ. ಇನ್ನೊಬ್ಬರ ಕುದುರೆ ಹತ್ತಿ ಬರುವವನು ಬಾರ್ಗೀರ, ಅವನಿಗೆ ಕಡಿಮೆ. ಮೊಘಲರಲ್ಲಿ, ಮರಾಠರಲ್ಲಿ, ಹೈದರನಲ್ಲಿ, ಹೆಚ್ಚು ಕಡಿಮೆ ಎಲ್ಲರಲ್ಲೂ ಈ ಎರಡು ಬಗೆ ಇದ್ದವು. ನಾವು ಈಗಲೂ ‘ಸಾಮಾನು ಸರಂಜಾಮು’ ಅನ್ನುತ್ತೀವಲ್ಲ, ಮರಾಠರಲ್ಲಿ ಸರಂಜಾಮು ಅಂದರೆ ದಂಡನ್ನು ಸಾಕುವುದಕ್ಕೆ ಅಂತಲೇ ಬಿಟ್ಟುಕೊಟ್ಟ ಭೂಮಿಯ ಆದಾಯ. ಮದುವೆ ಮನೆಗೆ ಪಾತ್ರೆ ಪಡಗ ಸಾಗಿಸುವಾಗ ನಾವು ಬಳಸುವುದು ದಂಡಿನ ಪದ.

ಈಗ ಸಿಲ್ಲೇದಾರನ ಕಷ್ಟ ನೋಡಿ. ಅವನ ಕುದುರೆಯೇ ಅವನ ನೌಕರಿ. ಕುದುರೆ ಸತ್ತರೆ ಅವನು ಸವಾರನಲ್ಲ, ಬರೀ ಕಾಲಾಳು, ಅದೂ ಸಾಲಗಾರ ಕಾಲಾಳು. ಹಾಗಿದ್ದಾಗ ಫಿರಂಗಿಯ ಬಾಯಿಗೆ ಅವನು ಕುದುರೆ ನುಗ್ಗಿಸುತ್ತಾನೆಯೇ? ಮೊಘಲರ ಸೈನ್ಯದ ಬಗ್ಗೆ 1903ರಲ್ಲಿ ಪುಸ್ತಕ ಬರೆದ ವಿಲಿಯಂ ಇರ್ವಿನ್ ಇದನ್ನು ಗಮನಿಸಿದ್ದಾನೆ: ಸವಾರನಿಗೆ ತನ್ನ ಪ್ರಾಣಕ್ಕಿಂತ ಕುದುರೆಯ ಚಿಂತೆ. ಬ್ರಿಟಿಷ್ ಬರಹಗಾರರು ಇದಕ್ಕೆ ‘ನಮ್ಮ ದೇಶದವರಿಗೆ ಧೈರ್ಯ ಸಾಲದು’ ಅನ್ನುವ ಬಣ್ಣ ಕೊಡುವುದುಂಟು. ನನಗೆ ಅದು ಸುತಾರಾಂ ಒಪ್ಪಿಗೆಯಿಲ್ಲ. ಸಾಲ ಮಾಡಿ ಟ್ರ್ಯಾಕ್ಟರು ತಗೊಂಡವನನ್ನು ಆ ಟ್ರ್ಯಾಕ್ಟರನ್ನು ತುಂಬಿ ಹರಿಯೋ ಶಿಂಷಾ ಹೊಳೆಗೆ ಇಳಿಸು ಅಂತ ಹೇಳಿ ನೋಡಿ. ಹೇಡಿ ಅಂತೀರಾ ಅವನನ್ನ?

ಇದರ ಎರಡೂ ಮುಖ ನಮ್ಮ ಮಂಡ್ಯ ಜಿಲ್ಲೆಯ ನೆಲದ ಮೇಲೇ ಒಂದೇ ವಾರದಲ್ಲಿ ಎದುರುಬದುರು ನಿಂತದ್ದುಂಟು. 1791ರ ಮೇ ತಿಂಗಳು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ. ಮೇ 15ರಂದು ಅರಕೆರೆಯ ಹತ್ತಿರ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ತಳ್ಳಿಯೂ ಬಿಟ್ಟ. ಆದರೆ ಅವನ ಗಾಡಿ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸಾಲು ಸಾಲಾಗಿ ಬಿದ್ದವು. ಎತ್ತಿಲ್ಲದ ಮೇಲೆ ಫಿರಂಗಿ ಎಳೆಯುವವರು ಯಾರು? ಕನ್ನಂಬಾಡಿಯ ಕಡೆ ಬಂದವನು ಮುತ್ತಿಗೆಗೆಂದು ಬೆಂಗಳೂರಿನಿಂದ ಎಳೆದುಕೊಂಡು ಬಂದಿದ್ದ ಭಾರೀ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಹಿಂದಕ್ಕೆ ಹೊರಟ. ಕೋಟೆ ಕಣ್ಣಿಗೆ ಕಾಣುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ, ಮೇಲುಕೋಟೆ ಸೀಮೆಯಲ್ಲಿ, ಎದುರಿಗೆ ಧೂಳೆಬ್ಬಿಸಿಕೊಂಡು ಕುದುರೆ ದಂಡು ಬಂತು. ಟಿಪ್ಪುವಿನ ಕಡೆಯವರೇ ಎಂದು ಮೊದಲು ಹೆದರಿದರು. ನೋಡಿದರೆ ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವೂ ಅವರ ಮರಾಠಾ ಸೈನ್ಯ, ಕಂಪನಿಯ ಗೆಳೆಯರು. ಅವರ ಬೀಡಿನ ಬಜಾರಿನಲ್ಲಿ ಎಲ್ಲವೂ ಇತ್ತು, ದುಬಾರಿ ಬೆಲೆಗೆ. ಹಸಿದ ಇಂಗ್ಲಿಷರು ಬೆಲೆ ನೋಡದೆ ಕೊಂಡರು. ಕಾರ್ನ್‌ವಾಲಿಸ್‌ನ ಸೈನ್ಯ ಅಷ್ಟು ದೊಡ್ಡ ನಷ್ಟವನ್ನು ಮಾಡಿಕೊಂಡು ಬಂದಿತ್ತು. ಆದರೆ ಆ ಫಿರಂಗಿಗಳಲ್ಲಿ ಒಂದಾದರೂ ಯಾವ ಸಿಪಾಯಿಯ ಸ್ವಂತದ್ದಲ್ಲ. ಲುಕ್ಸಾನೆಲ್ಲ ಕಂಪನಿಯ ಲೆಕ್ಕದ ಪುಸ್ತಕಕ್ಕೆ ಹೋಯಿತು. ಮುಂದಿನ ವರ್ಷ ಹೊಸ ಫಿರಂಗಿ, ಹೊಸ ಎತ್ತು ಬಂದವು, ಯುದ್ಧ ಗೆದ್ದರು. ಮರಾಠರ ಸಿಲ್ಲೇದಾರರಿಗೆ ಹಾಗೆ ಮುಂದಿನ ವರ್ಷ ಅನ್ನುವುದಿರಲಿಲ್ಲ. ಒಂದು ಕುದುರೆ ಹೋದರೆ ಒಂದು ಮನೆ ಹೋದ ಹಾಗೆ. ಹಾಗಾಗಿಯೇ ಅವರ ಕುದುರೆಗಳು ಕಾರ್ನ್‌ವಾಲಿಸ್‌ನ ರವುತರ ಕುದುರೆಗಳ ಹಾಗೆ ಎಲುಬು ಬಿಟ್ಟಿರಲಿಲ್ಲ ಅಂತ ನನ್ನ ಊಹೆ.

ಮೈಸೂರಿನಲ್ಲೂ ಸರ್ಕಾರವೇ ಲುಕ್ಸಾನು ಹೊರುವ ಒಂದು ಖಾತೆ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅದೇ ಅಮೃತ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ. ಹೆಸರು ಕೇಳಿದರೆ ಹಾಲು ಬೆಣ್ಣೆಯ ಇಲಾಖೆ, ಕೆಲಸ ಫಿರಂಗಿ ಎಳೆಯುವ ಎತ್ತು ಸಾಕುವುದು. ಅವು ಸರ್ಕಾರದ ದನ, ಅವಕ್ಕೆ ಸರ್ಕಾರದ ಕಾವಲು ಭೂಮಿ, ಸತ್ತರೆ ಸರ್ಕಾರಕ್ಕೇ ನಷ್ಟ. 1799ರ ನಂತರ ಬ್ರಿಟಿಷರು ಟಿಪ್ಪುವಿನ ಆಸ್ತಿಯಲ್ಲಿ ಕಣ್ಣಿಟ್ಟು ಕಾಪಾಡಿಕೊಂಡದ್ದರಲ್ಲಿ ಈ ದನಗಳೂ ಸೇರಿದ್ದವು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಮೈಸೂರು ಎತ್ತುಗಳನ್ನು ಮೆಚ್ಚಿಕೊಂಡಿದ್ದ.

ಸರಿ, ಕುದುರೆ ಕಡೆಗೆ ವಾಪಸ್ ಬರೋಣ. ಲುಕ್ಸಾನನ್ನು ಯಾರಾದರೂ ಕಟ್ಟಿಕೊಡುತ್ತಾರೆ ಅಂದ ತಕ್ಷಣ ಮೋಸವೂ ಜೊತೆಗೇ ಹುಟ್ಟುತ್ತದೆ. ನಮ್ಮವರು ಇದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ ಅನ್ನುವುದಕ್ಕೆ ಹೈದರಾಲಿಯದೇ ಒಂದು ಪ್ರಸಂಗವಿದೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿಟ್ಟಿದ್ದಾನೆ. ಹೈದರ್ ಆಗಿನ್ನೂ ನವಾಬನಲ್ಲ, ದಿಂಡಿಗಲ್ಲಿನಲ್ಲಿ ಮೈಸೂರಿನ ಫೌಜುದಾರ. ಯುದ್ಧದಲ್ಲಿ ಗಾಯವಾದವರಿಗೆ ವಾಸಿಯಾಗುವವರೆಗೆ ‘ಜಖಂ ಪಟ್ಟಿ’ ಎಂಬ ಭತ್ಯೆ ಸಿಗುತ್ತಿತ್ತು. ಹೈದರ್ ದೊಡ್ಡ ಪಟ್ಟಿ ಕಳಿಸಿದ. ಗಾಯಾಳುಗಳನ್ನು ಎಣಿಸಲು ಶ್ರೀರಂಗಪಟ್ಟಣದಿಂದ ಅಧಿಕಾರಿ ಬಂದಾಗ ನಿಜವಾಗಿ ಗಾಯವಾಗಿದ್ದವರು 67 ಜನ. ಉಳಿದ ಸುಮಾರು 700 ಜನರಿಗೆ ಕೈಗೋ ಕಾಲಿಗೋ ಅರಿಶಿನದ ಬಟ್ಟೆ ಸುತ್ತಿಸಿ ಮಲಗಿಸಿದ್ದನಂತೆ! ಬಂದವನು ಬಟ್ಟೆ ಬಿಚ್ಚಿ ನೋಡಲಿಲ್ಲ, ತಲೆ ಎಣಿಸಿಕೊಂಡು ಹೋದ. ವಿಲ್ಕ್ಸ್‌ಗೆ ಹೈದರನ ಮೇಲೆ ಪ್ರೀತಿಯೇನೂ ಇರಲಿಲ್ಲ, ಕತೆಯಲ್ಲಿ ಸ್ವಲ್ಪ ಉಪ್ಪು ಖಾರ ಸೇರಿದ್ದರೂ ಸೇರಿರಬಹುದು. ಇವತ್ತು ನಮ್ಮಲ್ಲಿ ‘ಕಾರು ಜಖಂ ಆಯ್ತು’ ಅಂತ ಗ್ಯಾರೇಜಿನಲ್ಲಿ ಎಸ್ಟಿಮೇಟು ಬರೆಸುವಾಗ ಅದೇ ಜಖಂ, ಅದೇ ಅರಿಶಿನ.

ಆದ್ದರಿಂದ ಗುರುತು ಬೇಕು. ಅಲ್ಲಾವುದ್ದೀನ್ ಖಿಲ್ಜಿಯ ಕಾಲದಿಂದಲೇ ದಂಡಿನ ಕುದುರೆಗೆ ಬರೆ ಹಾಕುತ್ತಿದ್ದರು, ಅಕ್ಬರ್ ಅದನ್ನು ಬಿಗಿ ಮಾಡಿದ. ಕುದುರೆಗೆ ‘ದಾಗ್’, ಅಂದರೆ ಬರೆ. ಸವಾರನಿಗೆ ‘ಚೆಹ್ರಾ’, ಅಂದರೆ ಅವನ ಮುಖಚಹರೆಯ ವರ್ಣನೆ, ಮೂಗು ಹೀಗೆ, ಮಚ್ಚೆ ಹೀಗೆ ಅಂತ ಬರೆದ ಕಾಗದ. ಇಲ್ಲದಿದ್ದರೆ ಎಣಿಕೆಯ ದಿನ ಪಕ್ಕದವನ ಕುದುರೆ ಸಾಲ ತಂದು ನಿಲ್ಲಿಸುತ್ತಿದ್ದರು. ಬ್ರಿಟಿಷ್ ರವುತರಲ್ಲಿ ಕುದುರೆಯ ಗೊರಸಿನ ಮೇಲೇ ನಂಬರು. ಕುದುರೆ ಸತ್ತರೆ ಲಾಳ ಕಟ್ಟುವವನು ಕೊಡಲಿಯಿಂದ ಆ ಗೊರಸನ್ನು ಕಡಿದು ತಂದು ಒಪ್ಪಿಸಬೇಕಿತ್ತು. ಮಾರಿಕೊಂಡಿಲ್ಲ, ಸತ್ತೇ ಹೋಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಲಂಡನ್ನಿನ ಅರಮನೆ ಮೆರವಣಿಗೆಗಳಲ್ಲಿ ಇಂದಿಗೂ ರವುತರ ಹಿಂದೆ ಹೊಳೆಯುವ ಕೊಡಲಿ ಹಿಡಿದು ಲಾಳದವರು ಸಾಗುತ್ತಾರೆ. ಇದನ್ನು ಓದಿದಾಗ ನನಗೆ ತಮ್ಮನ ಹಟ್ಟಿಯಲ್ಲಿ ಡಾಕ್ಟರು ಹಸುವಿನ ಕಿವಿ ಮಗುಚಿ ನೋಡಿದ್ದು ನೆನಪಾಯಿತು. ಓಲೆ ಇದ್ದಿದ್ದರೆ ಅದನ್ನೂ ಕತ್ತರಿಸಿಯೇ ಕಳಿಸಬೇಕಿತ್ತು.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಭಾಗಕ್ಕೆ ಬರುತ್ತೇನೆ. ಈ ಸಿಲ್ಲೇದಾರಿ ಪದ್ಧತಿಯನ್ನು ಬ್ರಿಟಿಷರು ಬಿಡಲಿಲ್ಲ, ಎತ್ತಿಕೊಂಡರು. ಸರ್ಕಾರಕ್ಕೆ ಇದರಷ್ಟು ಅಗ್ಗದ ಸೈನ್ಯ ಇನ್ನೊಂದಿಲ್ಲ. 1914ರ ಹೊತ್ತಿಗೆ ಭಾರತೀಯ ಸೈನ್ಯದ 39 ರವುತ ರೆಜಿಮೆಂಟುಗಳಲ್ಲಿ 36 ಸಿಲ್ಲೇದಾರಿ. ಹಳೇ ಮದ್ರಾಸ್ ಸೈನ್ಯದಿಂದ ಬಂದ 3 ಮಾತ್ರ ಬೇರೆ. ಸರ್ಕಾರ ಬಂದೂಕು, ಮದ್ದುಗುಂಡು ಕೊಡುತ್ತಿತ್ತು, ಮಿಕ್ಕ ಎಲ್ಲ ಸವಾರನದು. ಸೇರುವಾಗ ಅವನು ಒಂದು ಮೊತ್ತ ಠೇವಣಿ ಇಡಬೇಕು. ಅದಕ್ಕೆ ‘ಅಸಾಮಿ’ ಎಂದು ಹೆಸರು. (ನಾವು ‘ಭಾರೀ ಅಸಾಮಿ ಕಣಯ್ಯ’ ಅನ್ನುವಾಗ ಠೇವಣಿ ನೆನಪಿರುವುದಿಲ್ಲ.) ಆ ದುಡ್ಡಿನಲ್ಲಿ ರೆಜಿಮೆಂಟು ಅವನಿಗೆ ಕುದುರೆ, ಜೀನು ಒದಗಿಸುತ್ತದೆ. ಬಿಟ್ಟು ಹೋಗುವಾಗ ಠೇವಣಿ ವಾಪಸ್. ಇಬ್ಬರು ಸವಾರರಿಗೆ ಸೇರಿ ಒಂದು ಹೇಸರಗತ್ತೆ, ಒಬ್ಬ ಹುಲ್ಲು ಕೊಯ್ಯುವವನು. ಅದರ ಖರ್ಚೂ ಅವರದೇ.

ಹಾಗಾದರೆ ಕುದುರೆ ಸತ್ತರೆ? ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡಿದ್ದರು, ‘ಚಂದಾ ಫಂಡ್’. ಪ್ರತಿ ಸವಾರನ ಸಂಬಳದಿಂದ ತಿಂಗಳಿಗಿಷ್ಟು ಎಂದು ಹಿಡಿದು ಒಂದು ಹುಂಡಿಗೆ ಹಾಕುತ್ತಿದ್ದರು. ಯಾರದಾದರೂ ಕುದುರೆ ಸತ್ತರೆ, ಕೆಲಸಕ್ಕೆ ಬಾರದಂತಾದರೆ, ಹೊಸ ಕುದುರೆಗೆ ಆ ಹುಂಡಿಯಿಂದ ದುಡ್ಡು. ವಿಮಾ ಕಂಪನಿ ಇಲ್ಲ, ಏಜೆಂಟ್ ಇಲ್ಲ. ನಾವು ಪತ್ರಿಕೆಗೆ ಕಟ್ಟುವ ಚಂದಾ ಇದೇ ಪದ. ಯುದ್ಧದ ಸಾಮಾನಿಗೆ ಸೈನಿಕರೇ ಸೇರಿ ಮಾಡಿಕೊಂಡ ವಿಮೆ ಅಂದರೆ ನನ್ನ ಪ್ರಕಾರ ಇದೇ. ಟೆಕ್ಸಸ್ಸಿನ ಆ 25 ಜನ ಕಾರು ಮಾಲೀಕರಿಗಿಂತ ಎಷ್ಟೋ ಮುಂಚೆ.

ಇದು ಶಾಂತಿಕಾಲದಲ್ಲಿ ಅಚ್ಚುಕಟ್ಟಾಗಿ ನಡೆಯಿತು. ವರ್ಷಕ್ಕೆ ಒಂದಷ್ಟು ಕುದುರೆ ಮುದಿಯಾಗುತ್ತವೆ, ಒಂದಷ್ಟು ಹೊಟ್ಟೆ ನೋವಿನಲ್ಲಿ ಸಾಯುತ್ತವೆ, ಹುಂಡಿ ತಡೆದುಕೊಳ್ಳುತ್ತದೆ. ತನ್ನ ಜೊತೆಯವರ ದುಡ್ಡು ಅದರಲ್ಲಿದೆ ಎಂಬ ಕಾರಣಕ್ಕೆ ಸುಳ್ಳು ಹೇಳುವವನ ಮೇಲೆ ಎಲ್ಲರ ಕಣ್ಣು. ಇಂಥ ಕಡೆ ಅರಿಶಿನದ ಬಟ್ಟೆ ನಡೆಯುವುದು ಕಷ್ಟ. ಆದರೆ 1914ರಲ್ಲಿ ಮಹಾಯುದ್ಧ ಬಂತು. ರೆಜಿಮೆಂಟುಗಳು ಹಡಗು ಹತ್ತಿ ಫ್ರಾನ್ಸಿಗೆ, ಮೆಸೊಪೊಟೇಮಿಯಾಕ್ಕೆ ಹೋದವು. ಒಂದೊಂದು ರೆಜಿಮೆಂಟಿನ ಜೀನು ಒಂದೊಂದು ನಮೂನೆ, ಒಂದರ ಸಾಮಾನು ಇನ್ನೊಂದಕ್ಕೆ ಹೊಂದುವುದಿಲ್ಲ. ಮನೆಯಲ್ಲಿ ಮೀಸಲು ಅಂತ ಇಟ್ಟದ್ದಿಲ್ಲ. ಸಾಯುವ ಕುದುರೆಗಳಿಗೆ ಬದಲಿ ಕೊಡಲು ಚಂದಾ ಹುಂಡಿ ಎಲ್ಲಿ ಸಾಕಾಗಬೇಕು? ವಿಮೆಯ ಗುಟ್ಟೇ ಅದಲ್ಲವೇ, ಹತ್ತು ಜನ ಕಟ್ಟಿ ಒಬ್ಬನಿಗೆ ಕೊಡುವುದು. ಹತ್ತೂ ಜನರ ಕುದುರೆ ಒಟ್ಟಿಗೇ ಸತ್ತರೆ ಹುಂಡಿಯಲ್ಲಿ ಏನಿರುತ್ತದೆ? ಕೊನೆಗೆ ಸರ್ಕಾರವೇ ಕೈ ಹಾಕಿ ಕುದುರೆ, ಜೀನು, ಬಟ್ಟೆ ಕೊಡಬೇಕಾಯಿತು. 1921ರ ಸುಮಾರಿಗೆ 39 ರೆಜಿಮೆಂಟುಗಳನ್ನು 21ಕ್ಕೆ ಇಳಿಸಿದಾಗ ಸಿಲ್ಲೇದಾರಿಯನ್ನೂ ತೆಗೆದುಹಾಕಿದರು.

ಇವತ್ತಿಗೂ ನಿಮ್ಮ ಮನೆಯ, ಕಾರಿನ ಪಾಲಿಸಿಯ ಸಣ್ಣಕ್ಷರ ಓದಿ ನೋಡಿ. ಯುದ್ಧದಿಂದಾದ ನಷ್ಟಕ್ಕೆ ರಕ್ಷೆ ಇಲ್ಲ ಎಂದು ಇರುತ್ತದೆ. ಯುದ್ಧವೆಂದರೆ ಎಲ್ಲರ ಕುದುರೆ ಒಟ್ಟಿಗೇ ಸಾಯುವುದು. ಅದಕ್ಕೆ ಯಾವ ಕಂಪನಿಯೂ ತಡೆಯುವುದಿಲ್ಲ, ದೊರೆಯೇ ಬೇಕು. ಆದರೆ ದೊರೆ ಲುಕ್ಸಾನು ಹೊತ್ತುಕೊಂಡ ಮೇಲೆ ಅವನು ಕೇಳುವ ಪ್ರಶ್ನೆ ಬೇರೆ. ಚಂದಾ ಹುಂಡಿ ಕೇಳುತ್ತಿದ್ದದ್ದು ‘ಕುದುರೆ ಸತ್ತಿತೇ?’ ಎಂದು. ಸರ್ಕಾರ ಕೇಳುವುದು ‘ನೀನು ಮಲಗಿದ್ದೆಯಾ?’ ಎಂದು.

ಮೈಸೂರಿನ ಸಿಲ್ಲೇದಾರರು ಏನಾದರು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. 1799ರ ಮಾರ್ಚ್ 27ರಂದು ನಮ್ಮ ಪಕ್ಕದ ಮಳವಳ್ಳಿಯಲ್ಲಿ ಟಿಪ್ಪು ಸೋತ, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಹೊಟ್ಟೆಪಾಡು ಕಳೆದುಕೊಂಡ ಸವಾರರಲ್ಲಿ ಒಂದಷ್ಟು ಜನಕ್ಕೆ ದಿವಾನ್ ಪೂರ್ಣಯ್ಯನವರ ಮೈಸೂರು ಸಿಲ್ಲೇದಾರ ದಂಡಿನಲ್ಲಿ ಕೆಲಸ ಸಿಕ್ಕಿತು. 1803ರಲ್ಲಿ ಈ ದಂಡು ಬಿಷ್ಟೋಪಂತನ ಕೈಕೆಳಗೆ ವೆಲ್ಲೆಸ್ಲಿಯ ಜೊತೆ ಮರಾಠರ ಮೇಲೆ ಹೋಯಿತು. ಅಸ್ಸಾಯೆ ಕದನದಲ್ಲಿ ವೆಲ್ಲೆಸ್ಲಿ ಇವರನ್ನು ಹೊಳೆಯ ಈಚೆಗೇ, ಶತ್ರುವಿನ ಕುದುರೆಗಳ ಮೇಲೆ ಕಣ್ಣಿಡಲು ನಿಲ್ಲಿಸಿದ್ದ. ಕುದುರೆ ಸ್ವಂತದ್ದಾದವನನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿತ್ತೋ ಏನೋ. 1807ರ ಒಪ್ಪಂದದಲ್ಲಿ ಮೈಸೂರು ಯಾವಾಗಲೂ 4,000 ಕುದುರೆ ದಂಡು ಇಟ್ಟಿರಬೇಕೆಂದು ಬರೆಯಿತು. ಆದರೆ ಸಂಬಳ ವರ್ಷಗಟ್ಟಲೆ ಬಾಕಿ ಬೀಳುತ್ತಿತ್ತು. ಕುದುರೆಗೆ ಹುರುಳಿ ಅವತ್ತವತ್ತೇ ಬೇಕು, ಬಾಕಿ ಸಂಬಳದಲ್ಲಿ ಹುರುಳಿ ಬರುವುದಿಲ್ಲ. ಸಾಲ ಮಾಡಿದರು.

1892ರಲ್ಲಿ ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ರವುತರು ಊರೊಳಗೆ ನುಗ್ಗಿದರೆ ಮೈಸೂರಿನವರು ಕಾರ್ಮೆಲ್ ಗುಡ್ಡ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಮೆಷಿನ್ ಗನ್ನಿನ ಎದುರು ಕುದುರೆ ಓಡಿಸಿದವರು ಅವರು. ಸಿಲ್ಲೇದಾರನಿಗೆ ಧೈರ್ಯ ಸಾಲದು ಅಂತ ಬರೆದವರು ಇದನ್ನೂ ಬರೆದುಕೊಳ್ಳಲಿ. ಆ ಯುದ್ಧದಲ್ಲಿ ಸತ್ತವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ಅದರಲ್ಲಿ ಮನುಷ್ಯರ ಹೆಸರುಗಳಿವೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಓದಿ ಹೇಳಿದೆ. ಕೊಡಲಿಯಿಂದ ಗೊರಸು ಕಡಿದು ತರುವ ಜಾಗ ಬಂದಾಗ ಮತ್ತೊಂದು ಸಲ ಓದು ಅಂದರು. ‘ಆ ಚಂದಾ ನಮ್ಗೂ ಇದ್ದಿದ್ರೆ ತಿಂಗಳಿಗೆ ಎರಡು ರೂಪಾಯಿ ಬಿಸಾಕಿ ನೆಮ್ಮದಿಯಾಗಿ ಮಲಗ್ತಿದ್ದೆ’ ಅಂದರು. ‘ಅದ್ಕೇ ಇಡಲಿಲ್ಲ ಅನ್ಸುತ್ತೆ. ಎಲ್ಲಾರೂ ಮಲಗ್ಬುಟ್ರೆ?’ ಅಂದ ತಮ್ಮ. ಚಿಕ್ಕಮ್ಮ ಮಾತ್ರ ಇನ್ನೂ ಮನಿಯಾರ್ಡರಿನ ವಿಷಯ ಬಿಟ್ಟಿಲ್ಲ. ದಿನಕ್ಕೆ ಒಂದು ಸಲ ಎತ್ತುತ್ತಾರೆ.

ತಮ್ಮನ ಕ್ಲೇಮಿನ ಕತೆ ಮುಗಿದಿಲ್ಲ. ಅವನ ಮಗಳ ಫೋನಿನಲ್ಲಿ ಯುಗಾದಿಯ ದಿನ ಹಸುವಿಗೆ ಹಾರ ಹಾಕಿ ತೆಗೆದ ಫೋಟೋ ಸಿಕ್ಕಿದೆ. ಎಡಗಿವಿಯಲ್ಲಿ ಓಲೆ ಕಾಣುತ್ತದೆ, ದೊಡ್ಡದು ಮಾಡಿ ನೋಡಿದರೆ 12ರಲ್ಲಿ 9 ಅಂಕಿ ಓದಬಹುದು. ಉಳಿದ 3ರ ಮೇಲೆ ಚೆಂಡು ಹೂವು ಬಿದ್ದಿದೆ. ಅದನ್ನೇ ಪ್ರಿಂಟ್ ಹಾಕಿಸಿ, ನನ್ನ ಕೈಲಿ ಅರ್ಜಿ ಬರೆಸಿ ಮತ್ತೆ ಕಳಿಸಿದ್ದಾನೆ. ಉತ್ತರ ಬಂದಿಲ್ಲ. ಈ ನಡುವೆ ಹೊಸದೊಂದು ಹಸು ತಂದಿದ್ದಾನೆ. ಬೆಳಿಗ್ಗೆ ಹಾಲು ಕರೆಯುವುದಕ್ಕೆ ಕೂರುವ ಮುಂಚೆ ಅದರ ಕಿವಿ ಮುಟ್ಟಿ ನೋಡುತ್ತಾನೆ.